ಬಿಸಿ ಐತಿ, ಚಲೋ ಆತು

ಎಪ್ಪತ್ತರ ದಶಕದಲ್ಲಿ ನವಲಗುಂದದ ನಮ್ಮ ಓಣಿಯಲ್ಲಿದ್ದ ಕಂಪೌಂಡರ್ ಕಾಕಾ, ಯಾರಿಗೆ ಬಾವು ಬಂದರೂ ಕೈಯ ಹಿಂಬದಿ ಇಟ್ಟು ನೋಡುತ್ತಿದ್ದರು. ಬೆಚ್ಚಗಿದ್ದರೆ ಅವರ ಮುಖ ಅರಳುತ್ತಿತ್ತು. "ಬಿಸಿ ಐತಿ, ಚಲೋ ಆತು. ಮೈ ಜಗಳಾಡಾಕತ್ತೈತಿ."

ನನ್ನ ಏಳು ವರ್ಷದ ತಂಗಿಯ ಮೊಣಕಾಲು ಬಾತಾಗಲೂ ಅದನ್ನೇ ಅಂದು, ಎರಡು ತಿಂಗಳು ಅರಿಷಿಣದ ಪಟ್ಟು ಹಾಕಿದರು. ಬಾವು ಇಳಿಯಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಎಲುಬಿನ ಕ್ಯಾನ್ಸರ್ ಎಂದರು.

ಸುದ್ದಿ ಕೇಳಿ ಕಾಕಾ ಬಂದು ನಮ್ಮ ಕಟ್ಟೆಯ ಮೇಲೆ ಕೂತರು. "ಆ ಬಿಸಿ ಗಂಟಿನ ಜೋಡಿ ಜಗಳಾಡತಿತ್ತೋ, ಅದಕ್ಕ ಕೂಳ ಹಾಕತಿತ್ತೋ, ನನಗ ತಿಳೀವಲ್ದು ನೋಡವಾ" ಎಂದು ಅವ್ವನ ಮುಂದೆ ಅಂದರು.

ತಂಗಿ ಉಳಿಯಲಿಲ್ಲ. ಮರುವರ್ಷ ನನ್ನ ಕಾಲು ಉಳುಕಿ ಬಾತಾಗ ಕಾಕಾ ಕೈ ಇಟ್ಟರು.

"ಬಿಸಿ ಐತೇನ್ರಿ ಕಾಕಾ?"

"ಐತಿ" ಅಂದರು. ಚಲೋ ಆತು ಅನ್ನಲಿಲ್ಲ.