ಬೋರ್ಡು ನೆಟ್ಟ ದಿಬ್ಬ

ಮಣ್ಣು ಅಗೆಯಬಾರದು ಎಂಬ ಬೋರ್ಡು ನೆಡಲಿಕ್ಕೆ ನಾನು ಮೊದಲು ಮಣ್ಣನ್ನೇ ಅಗೆಯಬೇಕಾಯಿತು. ಲಿಂಗನಮಕ್ಕಿ ಅಣೆಕಟ್ಟೆ ಏಳುತ್ತಿದ್ದ ಕಾಲ. ನಾನು ಪುರಾತತ್ವ ಇಲಾಖೆಯ ಜೀಪಿನ ಡ್ರೈವರ್. ಹೊಸನಗರದ ಕಡೆಯ ಆ ಹಳ್ಳಿಯಲ್ಲಿ, ಯಾವ ರಾಜನಿಗಿಂತಲೂ ಹಿಂದಿನ ಜನ ಸುತ್ತ ಕಂದಕ ತೋಡಿ ಎಬ್ಬಿಸಿದ ಮಣ್ಣಿನ ದಿಬ್ಬವಿತ್ತು.

"ಇಂಗ್ಲೆಂಡಿನಲ್ಲಿ ಇಂಥದ್ದರ ಮೇಲೆ ನೇಗಿಲು ಹಾಯಿಸೋಕೂ ಬಿಡಲ್ಲ," ಎಂದರು ನಮ್ಮ ಸಾಹೇಬರು.

ಊರು ಬಿಟ್ಟು ಹೊರಟಿದ್ದ ಮುದುಕಿಯೊಬ್ಬಳು ಬಂದು ಸೆರಗೊಡ್ಡಿದಳು. "ಅಗೆದಿದ್ರಲ್ಲೇ ಒಂದು ಹಿಡಿ ಕೊಡಿ. ನಮ್ಮ ಹಿರೇರು ಇದ್ರೊಳಗೇ ಇದಾರೆ. ಹೋದಲ್ಲಿ ಇಟ್ಟು ದೀಪ ಹಚ್ತೀನಿ."

"ಒಂದು ಚಿಟಿಕೆನೂ ಕೊಡೋ ಹಾಗಿಲ್ಲ. ಕಾನೂನು," ಎಂದರು ಸಾಹೇಬರು.

"ಬರೋ ಮಳೆಗೆ ದಿಬ್ಬಾನೇ ಮುಳುಗ್ತದಲ್ಲ ಸ್ವಾಮಿ?"

"ಮುಳುಗಿಸೋದು ಬೇರೆ ಇಲಾಖೆ."

ಆ ಮಣ್ಣನ್ನು ಕಂಬದ ಬುಡಕ್ಕೇ ತುಂಬಿ ತುಳಿದೆ. ಅವಳು ಖಾಲಿ ಸೆರಗನ್ನು ಕೊಡವಿ ಹೋದಳು.

ಮುಂದೊಮ್ಮೆ ಅದೇ ಹಿನ್ನೀರನ್ನು ದೋಣಿಯಲ್ಲಿ ದಾಟುವಾಗ, ಕೂತ ಹಲಗೆಯ ಮೇಲೆ ನನ್ನ ಬೋರ್ಡಿನ ಅಕ್ಷರಗಳು ಕಂಡವು. "ತೇಲ್ತಾ ಇತ್ತು, ಯಾಕೆ ಬಿಡೋದು ಅಂತ ತಂದೆ," ಎಂದ ಅಂಬಿಗ.

ಒಂದು ಮಾತು ಒಪ್ಪಬೇಕು. ಸಾಹೇಬರು ಹೇಳಿದಂತೆ, ಆ ದಿಬ್ಬದಿಂದ ಇವತ್ತಿನವರೆಗೂ ಯಾರೂ ಒಂದು ಚಿಟಿಕೆ ಮಣ್ಣು ತೆಗೆದಿಲ್ಲ.