ಚರಗ ಚೆಲ್ಲಿದ ಮಧ್ಯಾಹ್ನ

ಬೈಲಹೊಂಗಲದ ಹತ್ತಿರದ ನಮ್ಮ ಹೊಲದಲ್ಲಿ ಶೀಗಿ ಹುಣ್ಣಿಮೆಯ ದಿನ ಅಪ್ಪ ಭೂಮಿತಾಯಿಗೆ ಅನ್ನದ ಚರಗ ಚೆಲ್ಲುತ್ತ ಮುಂದೆ ನಡೆದರೆ, ಎಂಟು ವರ್ಷದ ನಾನು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ. ಮುಗಿಯುವತನಕ ಇಬ್ಬರೂ ಹಿಂದಿರುಗಿ ನೋಡಬಾರದು. ಎಂಥ ಹಾಳು ನಿಯಮವೋ! ಗಿಡ್ಡ ಹೈಬ್ರಿಡ್ ಜೋಳ ಆಗಿನ್ನೂ ನಮ್ಮೂರಿಗೆ ಬಂದಿರಲಿಲ್ಲ. ನಮ್ಮ ಜೋಳ ಅಪ್ಪನನ್ನೂ ಮುಚ್ಚುತ್ತಿತ್ತು. ನಟ್ಟನಡುವೆ ನನ್ನ ಬೆನ್ನ ಹಿಂದೆ ದಂಟು ಸರಿದ ಸದ್ದಾಯಿತು. ನಾನು ನಿಂತರೆ ಅದೂ ನಿಂತಿತು.

“ಅಪ್ಪಾ, ಹಿಂದ ಏನೋ ಬರಾಕತ್ತೇತಿ!”

“ನಾನೂ ಹೊಳ್ಳಿ ನೋಡೂ ಹಂಗಿಲ್ಲವ್ವಾ. ಸುಮ್ನ ನಡಿ.”

ತಂಬಿಗೆಯ ನೀರೆಲ್ಲ ಅಪ್ಪನ ಧೋತರದ ಮೇಲೆ ಚೆಲ್ಲಿತು. ಅಪ್ಪ ಬೈಯಲಿಲ್ಲ, ಬಿರಬಿರನೆ ನಡೆದರು.

ಬದುವಿನ ಮೇಲೆ ಅವ್ವ ಬಿಚ್ಚಿದ ಬುತ್ತಿಯಲ್ಲಿ ಕಡುಬು ಇನ್ನೂ ಬೆಚ್ಚಗಿತ್ತು. ಅಂಥ ರುಚಿ ಮತ್ತೆ ಕಂಡಿಲ್ಲ. ನನಗೆಂದು ಕಡುಬು ಮುರಿಯುತ್ತ ಅಪ್ಪನೂ ಮತ್ತೆ ಮತ್ತೆ ಜೋಳದ ಕಡೆ ಹೊರಳಿ ನೋಡುತ್ತಿದ್ದರು.