ಅಪ್ಪನಿಗೆ ಗೊತ್ತಿದ್ದ ಒಂದೇ ಮದ್ದು

“ಕಿತ್ತುಬಿಡಿ ಡಾಕ್ಟ್ರೇ. ಇವತ್ತೇ ಕಿತ್ತುಬಿಡಿ,” ಅಂದರು ಅಪ್ಪ. ಸ್ಕ್ಯಾನ್ ಚಿತ್ರದಲ್ಲಿ ನನ್ನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೇಲೆ ಡಾಕ್ಟರ್ ಪೆನ್ನಿನ ತುದಿ ಇಟ್ಟಿದ್ದರು. ಅಲ್ಲಿ ಕಾಳುಮೆಣಸಿಗಿಂತ ಚಿಕ್ಕದೊಂದು ಗಡ್ಡೆ ಇತ್ತು.

ನನಗೆ ಮುಟ್ಟು ನಿಂತು ತಿಂಗಳುಗಳಾಗಿದ್ದವು. ಮದುವೆಯೇ ಆಗದ ನನ್ನ ಎದೆಯಲ್ಲಿ ಹಾಲು ಒಸರತೊಡಗಿದಾಗ ಹೆದರಿ ಅಮ್ಮನಿಗೆ ಹೇಳಿದ್ದೆ. ಅಮ್ಮ ಅಪ್ಪನಿಗೆ ಎಷ್ಟು ಹೇಳಿದ್ದರೋ ಗೊತ್ತಿಲ್ಲ. ಗೋಣಿಬೀಡಿನಿಂದ ಚಿಕ್ಕಮಗಳೂರಿನವರೆಗೂ ಅಪ್ಪನೇ ಜೀಪು ಓಡಿಸಿಕೊಂಡು ಕರೆತಂದಿದ್ದರು.

ಡಾಕ್ಟರ್ ಸಣ್ಣದು ಅಂದಷ್ಟೂ ಅಪ್ಪನಿಗೆ ಭಯ. ನಮ್ಮ ತೋಟದಲ್ಲಿ ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳ ಒಳಹೊಕ್ಕರೆ ಹೊರಗೆ ಬೇಗ ಕಾಣುವುದಿಲ್ಲ. ಕಂಡ ದಿನವೇ ಅಪ್ಪ ಗಿಡ ಕಿತ್ತು ಸುಡುತ್ತಾರೆ, ಇಲ್ಲದಿದ್ದರೆ ಪಕ್ಕದ ಗಿಡವೂ ಹೋಗುತ್ತದೆ.

“ಇದು ಕ್ಯಾನ್ಸರ್ ಅಲ್ಲ, ಹರಡೋದೂ ಇಲ್ಲ,” ಅಂದರು ಡಾಕ್ಟರ್. “ಹಾಲಿನ ಹಾರ್ಮೋನು ಜಾಸ್ತಿ ಮಾಡ್ತಿದೆ ಅಷ್ಟೆ. ಇಂಥದ್ದಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಡ, ಮಾತ್ರೆಗೇ ಕುಗ್ಗುತ್ತೆ.”

“ಒಳಗೇ ಬಿಡೋದಾ?” ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಅವರು ಹೆದರಿದ್ದನ್ನು ನಾನು ಮೊದಲು ನೋಡಿದ್ದೇ ಅವತ್ತು. ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ನನಗೂ ಅದನ್ನು ನೋಡಿ ಭಯವಾಯಿತು.

ಈಗ ಮಾತ್ರೆ ನಾಟಿದೆ. ಹಾಲು ನಿಂತಿದೆ, ಮುಟ್ಟು ಮರಳಿದೆ. ಆದರೂ ಬೆಳಗ್ಗೆ ತೋಟಕ್ಕೆ ಹೊರಡುವ ಮುನ್ನ ಅಪ್ಪ ನನ್ನ ಮುಖ ನೋಡುತ್ತಾರೆ, ಎಲೆ ಹಳದಿಯಾದ ಗಿಡ ಹುಡುಕುವಾಗ ನೋಡುವ ಹಾಗೆ. ಬರೀ ನೆಗಡಿಗೆ ತಲೆ ನೋಯುತ್ತಿದ್ದರೂ ಆಗ ನಾನು ಹಣೆ ಮುಟ್ಟಿಕೊಳ್ಳುವುದಿಲ್ಲ.